ಕ್ರಿಸ್‌ಮಸ್ ಇರುಳಿಗೆ ಹಳೆಯ ಬಾನುಲಿ ನಾಟಕ

ಅಕ್ಕಿಆಲೂರು : ಡಿಸೆಂಬರ್ ಎಂದರೆ ಹಾನಗಲ್ಲ ಸೀಮೆಯ ಭತ್ತದ ಊರುಗಳಲ್ಲಿ ಒಕ್ಕಲಾಟದ ಕಾಲ. ಹೊತ್ತು ಬೇಗ ಮುಳುಗುತ್ತದೆ, ಚಳಿ ಬೇಗ ಇಳಿಯುತ್ತದೆ. ಕಣದಲ್ಲಿ ರಾಶಿ ಕಾಯುವವರ ಬಳಿ ಟ್ರಾನ್ಸಿಸ್ಟರ್ ಇರುತ್ತಿದ್ದ ಕಾಲವೊಂದಿತ್ತು. ಕ್ರಿಸ್‌ಮಸ್ ರಜೆಗೆ ಊರಿಗೆ ಬಂದ ಮಕ್ಕಳೂ ಕಂಬಳಿ ಹೊದ್ದು ಅದರ ಸುತ್ತ ಕೂರುತ್ತಿದ್ದರು. ಸಿನಿಮಾ ಹಾಡಿಗಿಂತ ಹೆಚ್ಚು ಮೌನವಾಗಿ ಆಲಿಸುತ್ತಿದ್ದುದು ನಾಟಕವನ್ನು.

ಅಕ್ಕಿಆಲೂರು ಇಂದು ಹಾವೇರಿ ಜಿಲ್ಲೆಯಲ್ಲಿದೆ. 1997ಕ್ಕೆ ಮೊದಲು ಇದೂ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳೂ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದವು. ಬಾನುಲಿಯ ಮಟ್ಟಿಗಂತೂ ಈ ತಾಲ್ಲೂಕುಗಳ ರಾಜಧಾನಿ ಧಾರವಾಡವೇ. ಅಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾದದ್ದು 1950ರ ಜನವರಿ 8ರಂದು. ಅದಕ್ಕೂ ಮೊದಲು, 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. 'ಆಕಾಶವಾಣಿ' ಎಂಬ ಹೆಸರು ಆ ಪುಟ್ಟ ಕೇಂದ್ರದ್ದು. ಮೈಸೂರಿನ ಕೇಂದ್ರವು 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಧಾರವಾಡ ಕೇಂದ್ರಕ್ಕೆ ದೊರೆತ ದೊಡ್ಡ ಲಾಭವೆಂದರೆ ಸುತ್ತಲಿನ ಸಾಹಿತಿಗಳ ಬಳಗ. ವರಕವಿ ಬೇಂದ್ರೆಯವರು ಅದರ ಸಲಹೆಗಾರರಾಗಿದ್ದರು. 'ಎನ್ಕೆ' ಎಂದೇ ಹೆಸರಾದ ಕಾದಂಬರಿಕಾರ ಎನ್.ಕೆ. ಕುಲಕರ್ಣಿಯವರು ಅಲ್ಲಿ ದುಡಿದರು. ಬೆಂಗಳೂರಿನಲ್ಲಿ ಎ.ಎಸ್. ಮೂರ್ತಿಯವರ 'ಈರಣ್ಣ' ಎಂಬ ಪಾತ್ರ ಎಷ್ಟು ಜನಪ್ರಿಯವಾಯಿತೆಂದರೆ, ಶ್ರೋತೃಗಳು ಅವರನ್ನು ಕಡೆಯವರೆಗೂ ಅದೇ ಹೆಸರಿನಿಂದ ಗುರುತಿಸಿದರು. ಗಿರೀಶ ಕಾರ್ನಾಡರ 'ಮಾ ನಿಷಾದ' ಬಾನುಲಿಯ ಏಕಾಂಕ. ಅವರ ಟಿಪ್ಪು ಸುಲ್ತಾನನ ಕನಸುಗಳ ನಾಟಕವೂ ಮೊದಲು ಹುಟ್ಟಿದ್ದು ಬಿಬಿಸಿ ರೇಡಿಯೊದ ಕೋರಿಕೆಯಂತೆ. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷವಾದ 1997ರಲ್ಲಿ ಅದು ಪ್ರಸಾರವಾಯಿತು.

1956ರಲ್ಲಿ ಆಕಾಶವಾಣಿಯು ರಾಷ್ಟ್ರೀಯ ನಾಟಕ ಪ್ರಸಾರವನ್ನು ಆರಂಭಿಸಿತು. ಒಂದು ಭಾಷೆಯ ನಾಟಕ ಇತರ ಭಾಷೆಗಳಿಗೆ ಅನುವಾದಗೊಂಡು ದೇಶದಾದ್ಯಂತ ಕೇಳಿಬರತೊಡಗಿತು. ಬಂಗಾಳಿ, ಮರಾಠಿ ನಾಟಕಗಳು ಹಳ್ಳಿಯ ಕಟ್ಟೆಗೆ ಬಂದದ್ದು ಹೀಗೆ. ಮರುವರ್ಷ ವಿವಿಧಭಾರತಿ ಬಂತು. ಅದರ 'ಹವಾಮಹಲ್' ಹಿಂದಿ ಕಿರುನಾಟಕಗಳನ್ನು ಹಿಂದಿ ಅರೆಬರೆ ಬಲ್ಲವರೂ ತಪ್ಪಿಸುತ್ತಿರಲಿಲ್ಲ.

ಈ ಸೀಮೆಯ ಕಿವಿ ಮೊದಲೇ ಪಳಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಹಾನಗಲ್ಲ ತಾಲ್ಲೂಕಿನಲ್ಲೇ ಹುಟ್ಟಿದ ಪಂಚಾಕ್ಷರ ಗವಾಯಿಗಳು ಸಂಗೀತದ ಜತೆಗೆ ನಾಟಕ ಕಂಪನಿಯನ್ನೂ ಕಟ್ಟಿದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಇದೇ ತಾಲ್ಲೂಕಿನವರು. ಇಬ್ಬರೂ ದೃಷ್ಟಿಯಿಲ್ಲದೆಯೇ ನಾಟಕವನ್ನು ಅರಿತವರು ಎಂಬುದು ಬಾನುಲಿ ನಾಟಕದ ಮಾತು ಬಂದಾಗ ತಾನಾಗಿ ನೆನಪಾಗುತ್ತದೆ.

ಕ್ರಿಸ್‌ಮಸ್‌ಗೂ ಬಾನುಲಿ ನಾಟಕಕ್ಕೂ ಇರುವ ನಂಟು ಮುಖ್ಯವಾಗಿ ಪಾಶ್ಚಾತ್ಯರದು. ರೇಡಿಯೊಗೆಂದೇ ಬರೆದ ನಾಟಕಗಳಲ್ಲಿ ಮೊದಲನೆಯದೆಂದು ಹೇಳಲಾಗುವ ರಿಚರ್ಡ್ ಹ್ಯೂಸ್‌ರ 'ಡೇಂಜರ್' ಅನ್ನು ಬಿಬಿಸಿ ಪ್ರಸಾರ ಮಾಡಿದ್ದು 1924ರ ಜನವರಿಯಲ್ಲಿ. ದೀಪವಾರಿದ ಕಲ್ಲಿದ್ದಲ ಗಣಿಯಲ್ಲಿ ಸಿಕ್ಕಿಬಿದ್ದವರ ಕತೆಯದು. ಪಾತ್ರಗಳಿಗೂ ಏನೂ ಕಾಣದು, ಕೇಳುಗನಿಗೂ ಕಾಣದು! ಅಮೆರಿಕದಲ್ಲಿ ಡಿಕನ್ಸ್‌ನ 1843ರ 'ಎ ಕ್ರಿಸ್‌ಮಸ್ ಕರೋಲ್' ಹಬ್ಬದ ನಿಯಮವೇ ಆಯಿತು. 1934ರಿಂದ ಸುಮಾರು ಎರಡು ದಶಕ, ಒಂದೆರಡು ವರ್ಷ ಬಿಟ್ಟರೆ, ಜಿಪುಣ ಸ್ಕ್ರೂಜ್‌ನ ದನಿ ಲಯೋನೆಲ್ ಬ್ಯಾರಿಮೋರ್‌ರದೇ. ಮಕ್ಕಳಿಗಾಗಿ 1937ರಲ್ಲಿ ಬಂದ 'ದಿ ಸಿನಮನ್ ಬೇರ್' 26 ಕಂತುಗಳ ಧಾರಾವಾಹಿ. ಇವುಗಳ ಧ್ವನಿಮುದ್ರಣ ಇಂದಿಗೂ ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತದೆ.

ನಮ್ಮ ನಾಟಕಗಳ ಪಾಡು ಹಾಗಿಲ್ಲ. ಮೊದಮೊದಲು ಅನೇಕ ನಾಟಕಗಳು ನೇರಪ್ರಸಾರವಾಗುತ್ತಿದ್ದವು. ಕಲಾವಿದರು ಮೈಕಿನ ಸುತ್ತ ನಿಂತು ಓದುತ್ತಿದ್ದರು, ಹಾಳೆ ಮಗುಚುವ ಸದ್ದಾಗದಂತೆ ಎಚ್ಚರ ವಹಿಸುತ್ತಿದ್ದರು. ತೆಂಗಿನ ಕರಟ ತಟ್ಟಿದರೆ ಕುದುರೆಯ ಗೊರಸು, ತೆಳು ತಗಡು ಅಲುಗಿಸಿದರೆ ಗುಡುಗು, ತಟ್ಟೆಯಲ್ಲಿ ಕಾಳು ಉರುಳಿಸಿದರೆ ಮಳೆ. ಟೇಪು ಬಂದ ಮೇಲೂ ಅದು ದುಬಾರಿ ವಸ್ತು. ಅಳಿಸಿ ಮತ್ತೆ ಬಳಸುವುದು ಲೋಕದ ಪ್ರಸಾರ ಸಂಸ್ಥೆಗಳಲ್ಲೆಲ್ಲ ಇದ್ದ ರೂಢಿ. ಬಿಬಿಸಿ ಕೂಡ ಇದಕ್ಕೆ ಹೊರತಲ್ಲ. ಹೀಗೆ ಹೋದ ದನಿಗಳು ಹೋದವು. ಅಚ್ಚಾದ ಪುಸ್ತಕದಲ್ಲಿ ಮಾತು ಉಳಿದಿರಬಹುದು, ಧಾರವಾಡದ ಕಲಾವಿದೆಯೊಬ್ಬಳು 'ಯಾಕ್ರೀ' ಎಂದು ಎಳೆದ ರಾಗ ಉಳಿಯದು.

ಆದ್ದರಿಂದಲೇ ಮನೆಗಳಲ್ಲಿರುವ ಹಳೆಯ ಕ್ಯಾಸೆಟ್ಟುಗಳಿಗೆ ಬೆಲೆ ಬಂದಿದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ 'ಟು-ಇನ್-ಒನ್' ಕೊಂಡವರು ಪ್ರಸಾರವಾಗುತ್ತಿದ್ದ ನಾಟಕವನ್ನು ಹಾಗೆಯೇ ತುಂಬಿಸಿಕೊಂಡದ್ದುಂಟು. ಅಟ್ಟದಲ್ಲಿ ಸಿಕ್ಕ ಕ್ಯಾಸೆಟ್ಟನ್ನು ಕುತೂಹಲ ತಡೆಯದೆ ಒಡನೆಯೇ ಹಾಕಬಾರದು. ಟೇಪಿನ ಮೇಲೆ ಬಿಳಿಯ ಬೂಷ್ಟು ಕಂಡರೆ ಯಂತ್ರಕ್ಕೂ ಟೇಪಿಗೂ ಹಾನಿ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲದಂಥ ಕಡೆ ಮಳೆಗಾಲದ ತೇವದಿಂದ ಇದು ಸಾಮಾನ್ಯ. ಬೂಷ್ಟಿಲ್ಲದಿದ್ದರೆ ಟೇಪನ್ನು ಒಮ್ಮೆ ತುದಿಯಿಂದ ತುದಿಗೆ ಸುತ್ತಿ, ಹೆಡ್ ಒರೆಸಿ, ಮೊದಲ ಬಾರಿ ನುಡಿಸುವಾಗಲೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವುದು ಕ್ಷೇಮ. ಎರಡನೆಯ ಬಾರಿಗೆ ಟೇಪು ತಡೆಯದಿರಬಹುದು. ತಪ್ಪಿ ಅಳಿಯದಂತೆ ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಕಿವಿಗಳನ್ನು ಮುರಿದಿಡಬೇಕು.

ಹಳೆಯ ಸೆಟ್ಟಿನಲ್ಲೇ ಕೇಳಬೇಕೆಂಬ ಹಟವಿರುವವರಿಗೆ ಚಳಿಗಾಲ ಅನುಕೂಲ. ಮೀಡಿಯಂ ವೇವ್ ತರಂಗಗಳನ್ನು ಹಗಲಿನಲ್ಲಿ ಹೀರುವ ವಾಯುಮಂಡಲದ ಕೆಳಪದರ ಇರುಳಾದೊಡನೆ ಕರಗುತ್ತದೆ. ಮೇಲಿನ ಪದರ ಅವನ್ನು ಪ್ರತಿಫಲಿಸಿ ನೂರಾರು ಕಿಲೋಮೀಟರ್ ಆಚೆಗೆ ತಲುಪಿಸುತ್ತದೆ. ಇರುಳು ದೀರ್ಘ, ಗುಡುಗಿನ ಗರಗರವೂ ಕಡಿಮೆ. ಧಾರವಾಡದ 765 ಕಿಲೋಹರ್ಟ್ಸ್ ದೂರದೂರಿಗೆ ಕೇಳುತ್ತಿದ್ದ ಗುಟ್ಟು ಇದೇ. ಈಗಿನ ದೊಡ್ಡ ಶತ್ರು ಎಲ್‌ಇಡಿ ದೀಪ ಮತ್ತು ಮೊಬೈಲ್ ಚಾರ್ಜರುಗಳ ಗುಂಯ್ ಸದ್ದು. ಅವನ್ನು ಆರಿಸಿ, ಸೆಟ್ಟನ್ನು ಕಿಟಕಿಯ ಬಳಿಯಿಟ್ಟು ನಿಧಾನವಾಗಿ ತಿರುಗಿಸಬೇಕು. ಒಳಗಿನ ಫೆರೈಟ್ ಕಡ್ಡಿಯೇ ಆಂಟೆನಾ ಆದ್ದರಿಂದ ಒಂದು ದಿಕ್ಕಿನಲ್ಲಿ ಗದ್ದಲ ಅಡಗಿ ದನಿ ಸ್ಪಷ್ಟವಾಗುತ್ತದೆ.