ಮಳೆಯ ದಾರಿ, ಎಲೆಯ ಒರೆಗಲ್ಲು: ಸ್ಯೂಡೊಮೊನಾಸ್ ಸಿರಿಂಗೆಯ ವಿಕಾಸ ಕುರಿತು ಮರುಪರಿಶೀಲನೆ

ಸ್ಯೂಡೊಮೊನಾಸ್ ಸಿರಿಂಗೆ ಎಂಬ ಬ್ಯಾಕ್ಟೀರಿಯಾವನ್ನು 1902ರಲ್ಲಿ ಫಾನ್ ಹಾಲ್ ಲೈಲ್ಯಾಕ್ ಗಿಡದ ರೋಗಕಾರಕವೆಂದು ವರ್ಣಿಸಿದ. ಆ ಬಳಿಕ ಬಹುಕಾಲ ಅದರ ಚರಿತ್ರೆಯನ್ನು ಬೆಳೆಗಳ ಚರಿತ್ರೆಯೊಳಗೇ ಓದಲಾಯಿತು. ಸಿಂಡಿ ಮಾರಿಸ್ ಮತ್ತು ಸಂಗಡಿಗರ 2008ರ ಅಧ್ಯಯನ ಈ ಓದನ್ನು ಬದಲಿಸಿತು: ಮಳೆ, ಹಿಮ, ತೊರೆ, ಸರೋವರ, ಕಾಡುಗಿಡ ಎಲ್ಲೆಡೆಯೂ ಈ ಜೀವಿ ಸಿಕ್ಕಿತು. −2 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನೀರನ್ನು ಹೆಪ್ಪುಗಟ್ಟಿಸುವ ಪ್ರೋಟೀನು ಅದರ ಹಲವು ತಳಿಗಳಲ್ಲಿದೆ. ಹೀಗಾಗಿ ಅದು ಮೋಡದಲ್ಲಿ ಹಿಮಕಣಕ್ಕೆ ಬೀಜವಾಗಿ, ಮಳೆಯೊಡನೆ ನೆಲಕ್ಕಿಳಿಯುತ್ತದೆಂಬ ಊಹೆಗೂ ಬಲ ಬಂತು. ನೀರಿನ ಚಕ್ರದೊಂದಿಗೆ ಅದಕ್ಕಿರುವ ನಂಟನ್ನು ಈಗ ಅಲ್ಲಗಳೆಯುವಂತಿಲ್ಲ.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ರೋಗ ತರುವ ಗುಣಗಳು ಗಿಡದ ಹೊರಗೆ ಬೇರಾವುದೋ ಕೆಲಸಕ್ಕೆ ರೂಪುಗೊಂಡು, ಆಮೇಲೆ ಗಿಡದ ಮೇಲೆ ಬಳಕೆಗೆ ಬಂದಿರಬಹುದು ಎಂದು ಮಾರಿಸ್ ಬಳಗ ಸೂಚಿಸಿತು. ಸೂಜಿಯಂಥ ಸ್ರವಣ ವ್ಯವಸ್ಥೆಯ ಮೂಲವನ್ನು ವಿವರಿಸಲು ಈ ಸೂಚನೆ ಸಾಕಾಗಬಹುದು. ಆ ಸೂಜಿಯ ಮೂಲಕ ಗಿಡದ ಕೋಶದೊಳಗೆ ಹೊಗುವ ಪ್ರೋಟೀನುಗಳ ವೈವಿಧ್ಯವನ್ನು ವಿವರಿಸಲು ಸಾಲದು. ಈ ಪ್ರೋಟೀನುಗಳು ಗಿಡದ ರಕ್ಷಣೆಯನ್ನು ಕುಗ್ಗಿಸುತ್ತವೆ, ಆದರೆ ನಿರೋಧಕ ಗಿಡ ಇವುಗಳ ಸುಳಿವು ಹಿಡಿದೇ ಎಚ್ಚರಗೊಳ್ಳುತ್ತದೆ. ಹಾಗಾಗಿ ಒಂದು ಗಿಡದಲ್ಲಿ ಆಯುಧವಾದದ್ದು ಇನ್ನೊಂದರಲ್ಲಿ ಹೊರೆ. ಪಿಟ್‌ಮನ್ ಮತ್ತು ಸಂಗಡಿಗರ 2005ರ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟಿಸುತ್ತದೆ. ನಿರೋಧಕ ಬೀನ್ಸ್ ಎಲೆಗಳ ಮೂಲಕ ಪದೇ ಪದೇ ಹಾಯಿಸಿದಾಗ, ಗಿಡ ಗುರುತಿಸುವ ಪ್ರೋಟೀನಿನ ಜೀನ್ ಹೊತ್ತ 106 ಸಾವಿರ ಬೇಸ್‌ಜೋಡಿಗಳ ತುಣುಕೊಂದು ಬ್ಯಾಕ್ಟೀರಿಯಾದ ಜೀನೋಮಿನಿಂದ ಕಳಚಿಬಿತ್ತು. ಅದನ್ನು ಕಳೆದುಕೊಂಡ ತಳಿ ಅದೇ ಬೀನ್ಸ್‌ಗೆ ರೋಗ ತಂದಿತು. ಈ ಜೀನ್‌ಗೆ ಇಂಥ ಬೆಲೆ ಕಟ್ಟಬಲ್ಲದ್ದು ಗಿಡದ ರಕ್ಷಣೆಯೇ ಹೊರತು ಮಳೆನೀರಲ್ಲ.

ಇದು ಪ್ರಯೋಗಾಲಯದ ಮಾತು, ಹೆಚ್ಚೆಂದರೆ ಬೆಳೆಗಳಿಗೆ ಸಲ್ಲುವ ಮಾತು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಜರ್ಮನಿಯ ನೈರುತ್ಯ ಭಾಗದ ಕಾಡು ಅರಬಿಡಾಪ್ಸಿಸ್ ಗಿಡಗಳಿಂದ ಕರಾಸೊವ್ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದ 1,500ಕ್ಕೂ ಹೆಚ್ಚು ಜೀನೋಮುಗಳಲ್ಲಿ, ಸಿರಿಂಗೆಯ ಹತ್ತಿರದ ಬಳಗಕ್ಕೆ ಸೇರಿದ ಒಂದೇ ವಂಶ ಮೇಲುಗೈ ಪಡೆದಿತ್ತು. ಅದರ ಕವಲುಗಳು ಬೇರ್ಪಟ್ಟದ್ದು ಸುಮಾರು 3 ಲಕ್ಷ ವರ್ಷಗಳ ಹಿಂದೆ, ಎಂದರೆ ಬೇಸಾಯಕ್ಕೂ ಎಷ್ಟೋ ಮೊದಲು. ಗಿಡದೊಡನೆ ದೀರ್ಘ ಒಡನಾಟಕ್ಕೆ ಹೊಲವೇ ಬೇಕಿಲ್ಲ. ರೂಢಿಯ ಸ್ರವಣ ವ್ಯವಸ್ಥೆಯಿಲ್ಲದ ಸಿರಿಂಗೆ ತಳಿಗಳು ಎಲೆಗಳ ಮೇಲೆ ಬದುಕುವುದು ಎರಡನೆಯ ಆಕ್ಷೇಪ. ಎಲೆಯ ಮೇಲಿನ ಬಾಳು ಬೇರೆ, ರೋಗ ತರುವ ಬಾಳು ಬೇರೆ ಎಂಬುದನ್ನು ಅವು ತೋರಿಸುತ್ತವೆ. ರೋಗದ ಆಯುಧಗಳು ನೀರಿನಲ್ಲಿ ಹದಗೊಂಡವೆಂಬುದನ್ನಲ್ಲ.

ಆದ್ದರಿಂದ ಮಳೆ ಈ ಜೀವಿಯನ್ನು ಹರಡುತ್ತದೆ, ಅದರ ರೋಗಶಕ್ತಿಯನ್ನು ತಿದ್ದುವುದು ಬಹುಮಟ್ಟಿಗೆ ಗಿಡ ಎನ್ನಬಹುದು. ಈ ಮಾತು ಸೂಜಿಯ ಹುಟ್ಟಿಗೆ ಅನ್ವಯಿಸದಿರಬಹುದು. ಹಿಮ ಕಟ್ಟಿಸುವ ಪ್ರೋಟೀನಿಗಂತೂ ಅನ್ವಯಿಸಬೇಕೆಂದಿಲ್ಲ. ಒಂದು ವಂಶ ತನ್ನ ಕಾಲದ ಎಷ್ಟು ಪಾಲನ್ನು ಎಲೆಯೊಳಗೆ, ಎಷ್ಟು ಪಾಲನ್ನು ನೀರಿನಲ್ಲಿ ಕಳೆಯುತ್ತದೆ ಎಂಬುದು ಅಳತೆಗೆ ಸಿಗುವ ತನಕ 'ಬಹುಮಟ್ಟಿಗೆ' ಎಂಬ ಪದವನ್ನು ಬಿಡುವಂತಿಲ್ಲ.