ಚೆಂಡು ಮೇಲಕ್ಕೆ ಉರುಳುವ ಊರು



ನೀರು ತಗ್ಗಿಗೆ ಹರಿಯುತ್ತದೆ ಎಂಬುದನ್ನು ನಮ್ಮ ರೈತಾಪಿ ಮನೆಗಳ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದೆಗೆ ನೀರು ಕಟ್ಟುವಾಗ ಎಲ್ಲಿ ಮಣ್ಣು ತೆಗೆಯಬೇಕು, ಎಲ್ಲಿ ಹಾಕಬೇಕು ಎಂಬುದು ಅವರ ಕೈಗೇ ಗೊತ್ತು. ಆದರೆ ಒಂದು ಜಾಗದಲ್ಲಿ ಚೆಂಡು ಏರಿನ ಕಡೆಗೆ ಉರುಳುತ್ತದೆ, ಮನುಷ್ಯ ನಾಲ್ಕು ಹೆಜ್ಜೆ ಆಚೆಗೆ ಹೋಗಿ ನಿಂತರೆ ಗಿಡ್ಡನಾಗುತ್ತಾನೆ, ಈಚೆಗೆ ಬಂದರೆ ಉದ್ದನಾಗುತ್ತಾನೆ ಎಂದರೆ ನೀವು ನಂಬುತ್ತೀರಾ? ಎಂಬತ್ತು ವರ್ಷಗಳಿಗೂ ಮಿಕ್ಕಿ ಜನ ಟಿಕೆಟ್ ಕೊಂಡು ಇದನ್ನು ನೋಡಿ ಬರುತ್ತಿದ್ದಾರೆ. ಆ ಜಾಗದ ಚರಿತ್ರೆಯನ್ನೂ ಅದರೊಳಗಿನ ಗುಟ್ಟನ್ನೂ ಇಂದು ನಿಮ್ಮ ಮುಂದೆ ಇಡುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಸುಮಾರು 75 ಮೈಲಿ ದಕ್ಷಿಣಕ್ಕೆ, ಪೆಸಿಫಿಕ್ ಸಾಗರದ ದಡದಲ್ಲಿ ಸಾಂಟಾ ಕ್ರೂಜ್ ಎಂಬ ಊರಿದೆ. 1791ರಲ್ಲಿ ಸ್ಪೇನಿನ ಪಾದ್ರಿಗಳು ಅಲ್ಲಿ ಮಠ ಕಟ್ಟಿದರು. ಊರಿನ ಹೆಸರಿನ ಅರ್ಥ ಪವಿತ್ರ ಶಿಲುಬೆ ಎಂದು. ಮುಂದೆ ಅದು ವಿಹಾರಕ್ಕೆ ಬರುವವರ ಊರಾಯಿತು. 1907ರಲ್ಲಿ ಕಡಲ ದಂಡೆಯ ಉದ್ದಕ್ಕೂ ಮನೋರಂಜನೆಯ ತಾಣ ತೆರೆಯಿತು. 1924ರಲ್ಲಿ ಮರದಿಂದ ಕಟ್ಟಿದ ದೊಡ್ಡ ಉರುಳುಬಂಡಿ ಬಂತು. ಅದು ಇಂದಿಗೂ ಓಡುತ್ತಿದೆ. ನಮ್ಮ ಕನ್ನಡದ ಮಕ್ಕಳು ಅನೇಕರು ಕಂಪ್ಯೂಟರ್ ಕೆಲಸಕ್ಕೆಂದು ನೆಲೆಸಿರುವ ಸ್ಯಾನ್ ಹೋಸೆ ನಗರ ಅಲ್ಲಿಗೆ ಬೆಟ್ಟದಾಚೆ. ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳನ್ನು ಭಾನುವಾರ ಈ ಕಡಲಿಗೆ ಕರೆತರುವುದು ವಾಡಿಕೆ. ಹಾಗೆ ಹೋದವರಲ್ಲಿ ನಾನೂ ಒಬ್ಬ.

ಊರಿನಿಂದ ಕೆಲವೇ ಮೈಲಿ ಒಳಗೆ, ಮುಗಿಲೆತ್ತರದ ರೆಡ್‌ವುಡ್ ಮರಗಳ ಕಾಡಿನ ಇಳಿಜಾರಿನಲ್ಲಿ ‘ಮಿಸ್ಟರಿ ಸ್ಪಾಟ್’ ಇದೆ. ರಹಸ್ಯದ ಜಾಗ ಎಂದು ಅರ್ಥ. ಸುಮಾರು 150 ಅಡಿ ಅಡ್ಡಳತೆಯ ಒಂದು ವೃತ್ತ, ಅದರ ನಡುವೆ ವಾಲಿ ನಿಂತ ಒಂದು ಮರದ ಮನೆ, ಇಷ್ಟೇ. 1939ರಲ್ಲಿ ಈ ಜಾಗದ ವಿಚಿತ್ರ ಕಂಡುಬಂತೆಂದು ಅಲ್ಲಿನವರು ಹೇಳುತ್ತಾರೆ. ಜಾರ್ಜ್ ಪ್ರೇದರ್ ಎಂಬಾತ ಅದನ್ನು 1940ರ ಆಸುಪಾಸಿನಲ್ಲಿ ಸಾರ್ವಜನಿಕರಿಗೆ ತೆರೆದ.

ನೀವು ಒಳಗೆ ಹೋದಿರಿ ಎಂದಿಟ್ಟುಕೊಳ್ಳಿ. ಒಬ್ಬ ಮಾರ್ಗದರ್ಶಿ ನಿಮ್ಮ ಜೊತೆ ಬರುತ್ತಾನೆ. ಮೊದಲು ಒಂದು ಹಲಗೆ ತೋರಿಸಿ, ಅದರ ಮೇಲೆ ಸ್ಪಿರಿಟ್ ಲೆವೆಲ್ ಇಡುತ್ತಾನೆ. ನಮ್ಮ ಮೇಸ್ತ್ರಿಗಳು ರಸಮಟ್ಟ ಎನ್ನುತ್ತಾರಲ್ಲ, ಅದೇ. ಗಡಿಯಾಚೆಯ ತಮಿಳಿನಲ್ಲೂ ತೆಲುಗಿನಲ್ಲೂ ಅದಕ್ಕೆ ರಸಮಟ್ಟಂ ಎಂದೇ ಹೆಸರು. ಗುಳ್ಳೆ ಸರಿಯಾಗಿ ನಡುವೆ ನಿಲ್ಲುತ್ತದೆ. ಹಲಗೆ ಮಟ್ಟವಾಗಿದೆ, ಒಪ್ಪಿದಿರಿ. ಈಗ ಸಮಾನ ಎತ್ತರದ ಇಬ್ಬರನ್ನು ಹಲಗೆಯ ಎರಡು ತುದಿಯಲ್ಲಿ ನಿಲ್ಲಿಸುತ್ತಾನೆ. ಒಬ್ಬ ಎತ್ತರ ಕಾಣುತ್ತಾನೆ, ಇನ್ನೊಬ್ಬ ಗಿಡ್ಡ. ಜಾಗ ಅದಲುಬದಲು ಮಾಡಿದರೆ ಗಿಡ್ಡನಾಗಿದ್ದವನು ಎತ್ತರ! ಆಮೇಲೆ ಮನೆಯೊಳಗೆ ಒಂದು ಹಲಗೆಯ ಮೇಲೆ ಚೆಂಡು ಬಿಡುತ್ತಾನೆ. ಅದು ಏರು ಕಂಡ ಕಡೆಗೇ ಉರುಳುತ್ತದೆ. ಸರಪಣಿಗೆ ಕಟ್ಟಿದ ಭಾರವಾದ ತೂಕವೊಂದು ಮಾಡಿನಿಂದ ಓರೆಯಾಗಿ ತೂಗುತ್ತದೆ. ಕೆಲವರಿಗೆ ತಲೆ ಸುತ್ತುತ್ತದೆ. ಗೋಡೆ ಹಿಡಿದು ನಡೆಯಬೇಕಾಗುತ್ತದೆ.

ಇದಕ್ಕೆ ಕಾರಣವೇನೆಂದು ಕೇಳಿದರೆ ಕಥೆಗಳು ಬಹಳ. ನೆಲದಡಿಯಲ್ಲಿ ಆಕಾಶದಿಂದ ಬಿದ್ದ ಕಲ್ಲಿದೆ, ಅನ್ಯಲೋಕದ ವಾಹನ ಹೂತಿದೆ, ಭೂಮಿಯಿಂದ ವಿಷವಾಯು ಏಳುತ್ತದೆ, ಹೀಗೆಲ್ಲ. ನಿಜವಾದ ಕಾರಣ ಇದಕ್ಕಿಂತ ಸರಳ. ಇಡೀ ಮನೆಯೇ ಓರೆ. ಗೋಡೆ, ನೆಲ, ಮಾಡು, ಸುತ್ತಲಿನ ಬೇಲಿ, ಎಲ್ಲವೂ ಒಂದೇ ಕಡೆಗೆ ವಾಲಿವೆ. ಕಾಡಿನ ನಡುವೆ ಕಡಲಿನ ಅಂಚು ಕಾಣದು, ಬಯಲು ಕಾಣದು. ಹೋಲಿಸಿ ನೋಡಲು ನೆಟ್ಟಗಿರುವ ವಸ್ತುವೇ ಇಲ್ಲ. ಮನೆ ಎಂದ ಮೇಲೆ ಗೋಡೆ ನೆಟ್ಟಗಿರುತ್ತದೆ, ನೆಲ ಮಟ್ಟವಾಗಿರುತ್ತದೆ ಎಂಬುದು ನಾವು ಹುಟ್ಟಿದಾಗಿನಿಂದ ಕಂಡದ್ದು. ಕಣ್ಣು ಆ ರೂಢಿಯನ್ನು ಬಿಡುವುದಿಲ್ಲ. ಓರೆ ಗೋಡೆಯನ್ನೇ ನೆಟ್ಟಗೆ ಎಂದು ಹಿಡಿದು, ಮಿಕ್ಕದ್ದನ್ನೆಲ್ಲ ಅದರಿಂದ ಅಳೆಯುತ್ತದೆ. ಚೆಂಡು ತಗ್ಗಿಗೇ ಉರುಳುತ್ತಿರುತ್ತದೆ. ತಗ್ಗು ನಮಗೆ ಏರಾಗಿ ಕಾಣುತ್ತಿರುತ್ತದೆ, ಅಷ್ಟೆ.

ಆ ತೂಗುವ ತೂಕದ ವಿಚಾರವನ್ನು ಸ್ವಲ್ಪ ಯೋಚಿಸಿ. ಅದು ಮೇಸ್ತ್ರಿಯ ತೂಗುಗುಂಡಿನಂತೆ ನೇರ ಭೂಮಿಯ ಕಡೆಗೇ ಜೋತುಬಿದ್ದಿರುತ್ತದೆ. ಆ ಮನೆಯೊಳಗೆ ನೆಟ್ಟಗಿರುವುದು ಅದೊಂದೇ. ಆದರೆ ಒಳಗೆ ಬಂದವರೆಲ್ಲರೂ ಸೊಟ್ಟ ಎನ್ನುವುದು ಅದನ್ನೇ! ಎಲ್ಲವೂ ಓರೆಯಾಗಿರುವಲ್ಲಿ ನೆಟ್ಟಗಿರುವವನ ಗತಿ ಇಷ್ಟೇ.

ಇಂಥ ಮನೆಗಳ ಚರಿತ್ರೆ ಹಳೆಯದು. ಇಟಲಿಯ ಬೊಮಾರ್ಜೋ ಎಂಬಲ್ಲಿ 16ನೆಯ ಶತಮಾನದಲ್ಲಿ ಒಬ್ಬ ಸಿರಿವಂತ ತನ್ನ ಉದ್ಯಾನದಲ್ಲಿ ಬೇಕೆಂದೇ ವಾಲಿಸಿ ಕಟ್ಟಿಸಿದ ಕಲ್ಲಿನ ಮನೆ ಇನ್ನೂ ನಿಂತಿದೆ. ಅಮೆರಿಕದಲ್ಲಿ ಇದು ವ್ಯಾಪಾರವಾದದ್ದು ಮೋಟಾರು ಗಾಡಿ ಬಂದ ಮೇಲೆ. 1926ರಲ್ಲಿ ಅಲ್ಲಿನ ಹೆದ್ದಾರಿಗಳಿಗೆ ದೇಶದುದ್ದಕ್ಕೂ ನಂಬರು ಕೊಟ್ಟರು. ರಜೆ ಬಂದರೆ ಸಂಸಾರ ಸಮೇತ ಕಾರಿನಲ್ಲಿ ಹೊರಡುವ ಪದ್ಧತಿ ಬೆಳೆಯಿತು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಬೇಕಾದರೆ ಏನಾದರೂ ವಿಚಿತ್ರ ಬೇಕು. 1930ರಲ್ಲಿ ಆರೆಗಾನ್ ಪ್ರಾಂತ್ಯದ ಗೋಲ್ಡ್ ಹಿಲ್ ಎಂಬಲ್ಲಿ ಜಾನ್ ಲಿಟ್‌ಸ್ಟರ್ ಎಂಬಾತ ಇಂಥದೇ ಒಂದು ಮನೆಯನ್ನು ಪ್ರವಾಸಿಗರಿಗೆ ತೆರೆದ. ಆ ಮನೆ ಮೊದಲು ಗಣಿ ಕಂಪನಿಯ ಕಚೇರಿಯಾಗಿತ್ತು; 1904ರಲ್ಲಿ ಕಟ್ಟಿದ್ದು. ಚಿನ್ನದ ಅದಿರನ್ನು ಪರೀಕ್ಷಿಸಿ, ತೂಗಿ, ಬೆಲೆ ಕಟ್ಟುತ್ತಿದ್ದ ಕಚೇರಿ ಅದು. ಮುಂದೆ ಬುಡ ಜಾರಿ ವಾಲಿಕೊಂಡಿತು. ಗುಲಗಂಜಿ ತೂಕವೂ ಹೆಚ್ಚುಕಮ್ಮಿಯಾಗದಂತೆ ತೂಗುತ್ತಿದ್ದ ಮನೆ ಕಣ್ಣಿಗೆ ಮೋಸ ಮಾಡುವ ಮನೆಯಾಯಿತು. ಬ್ಯಾಂಕಿನಲ್ಲಿ ಚಿನ್ನದ ಸಾಲದ ಲೆಡ್ಜರು ಬರೆದ ನನಗೆ ಇದು ಬಹಳ ಸೋಜಿಗವೆನಿಸಿತು.

ಸಾಂಟಾ ಕ್ರೂಜ್‌ನ ಜಾಗದ ಹೆಸರನ್ನು ಹರಡಿದ್ದು ಒಂದು ಹಳದಿ ಸ್ಟಿಕರು. ಬಂದವರಿಗೆಲ್ಲ ಕೊಡುತ್ತಾರೆ, ಅವರು ಕಾರಿನ ಹಿಂದೆ ಅಂಟಿಸಿಕೊಂಡು ಊರೂರು ತಿರುಗುತ್ತಾರೆ. ನೋಡಿದವರೇ ಪ್ರಚಾರಕರು! 2014ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಈ ಜಾಗವನ್ನು ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಪವಾಡವಿದೆ ಎಂದಲ್ಲ. ಮೋಟಾರು ಯುಗದ ದಾರಿಬದಿಯ ಮೋಜಿಗೆ ಅದೊಂದು ಉಳಿದುಬಂದ ಮಾದರಿ ಎಂದು.

ವಿಜ್ಞಾನಿಗಳು ಇದನ್ನು ಕೈಬಿಡಲಿಲ್ಲ. 1948ರಲ್ಲಿ ಆಶ್ ಮತ್ತು ವಿಟ್ಕಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಓರೆ ಕೋಣೆಯಲ್ಲಿ ಜನರನ್ನು ಕೂಡಿಸಿ, ನೆಟ್ಟಗೆ ಎಂದರೆ ಯಾವುದು ಎಂದು ಕೇಳಿ ಪರೀಕ್ಷೆ ಮಾಡಿದರು. ಅನೇಕರ ಉತ್ತರ ಕೋಣೆಯ ಜೊತೆಗೇ ವಾಲಿತು. 1999ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಶಿಮಾಮುರಾ ಮತ್ತು ಪ್ರಿನ್ಜ್‌ಮೆಟಲ್ ಈ ಮಿಸ್ಟರಿ ಸ್ಪಾಟ್‌ನ ಮೇಲೆಯೇ ಪ್ರಬಂಧ ಬರೆದರು. ಹಿನ್ನೆಲೆ ಓರೆಯಾದರೆ ಕಣ್ಣು ತಪ್ಪುತ್ತದೆ; ನಾವು ನಿಂತ ನೆಲವೂ ಓರೆಯಾಗಿ ಮೈಯೂ ವಾಲಿದರೆ ಇನ್ನೂ ಹೆಚ್ಚು ತಪ್ಪುತ್ತದೆ. ಗುಟ್ಟು ತಿಳಿದ ಮೇಲೂ ಕಣ್ಣಿಗೆ ಹಾಗೆಯೇ ಕಾಣುತ್ತದೆ ಎಂಬುದು ಇನ್ನೂ ವಿಶೇಷ. ತಿಳಿವಳಿಕೆಯಿಂದ ಭ್ರಮೆ ಹೋಗದು. ಅಳತೆಯಿಂದ ಮಾತ್ರ ನಿಜ ಗೊತ್ತಾಗುತ್ತದೆ.

ನಮ್ಮ ದೇಶದಲ್ಲೂ ಇದರ ದಾಯಾದಿಗಳಿವೆ. ಲಡಾಖಿನಲ್ಲಿ ಲೇಹ್‌ನಿಂದ ಕಾರ್ಗಿಲ್ ಕಡೆಗೆ ಹೋಗುವ ರಸ್ತೆಯಲ್ಲಿ ಮ್ಯಾಗ್ನೆಟಿಕ್ ಹಿಲ್ ಎಂಬ ಜಾಗವಿದೆ. ಎಂಜಿನ್ ಆರಿಸಿದ ಗಾಡಿ ಏರಿನ ಕಡೆಗೆ ಚಲಿಸಿದಂತೆ ಕಾಣುತ್ತದೆ. ಬೆಟ್ಟದಲ್ಲಿ ಅಯಸ್ಕಾಂತವಿದೆ ಎನ್ನುತ್ತಾರೆ. ಇಲ್ಲ, ಸುತ್ತಲಿನ ಬೆಟ್ಟಗಳ ಓರೆಯಿಂದ ಇಳಿಜಾರು ಏರಾಗಿ ಕಾಣುತ್ತದೆ. ಸ್ಕಾಟ್‌ಲೆಂಡಿನ ಕಡಲ ದಂಡೆಯ ಹತ್ತಿರವೂ ಎಲೆಕ್ಟ್ರಿಕ್ ಬ್ರೇ ಎಂಬ ಅಂಥದೇ ರಸ್ತೆಯಿದೆ. ಅಲ್ಲಿನವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ರಸ್ತೆಯ ಪಶ್ಚಿಮದ ತುದಿ ಸಮುದ್ರ ಮಟ್ಟದಿಂದ 286 ಅಡಿ, ಪೂರ್ವದ ತುದಿ 303 ಅಡಿ, ಇದು ಕಣ್ಣಿನ ಭ್ರಮೆ ಎಂದು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದಾರೆ. ಲೆಕ್ಕ ಬರೆದಿಟ್ಟರೂ ನೋಡುವವರ ಸಂತೋಷ ಕಡಿಮೆಯಾಗಿಲ್ಲ; ಜನ ಈಗಲೂ ಹೋಗುತ್ತಾರೆ.

ಶ್ರೋತೃಗಳೇ, ಸಮುದ್ರದಾಚೆಯ ಈ ವಾಲಿದ ಮನೆಯಿಂದ ಗಡಿಯ ಹಳ್ಳಿಯ ನಮಗೇನು ಎಂದು ನೀವು ಕೇಳಬಹುದು. ಆ ರಸಮಟ್ಟವನ್ನು ಮತ್ತೆ ನೆನೆಯಿರಿ. ಅದು ಸುಳ್ಳು ಹೇಳಲಿಲ್ಲ. ಹಲಗೆ ನಿಜವಾಗಿಯೂ ಮಟ್ಟವಾಗಿತ್ತು. ಹಲಗೆಯ ವಿಷಯದಲ್ಲಿ ನಿಜ ತೋರಿಸಿ, ಹಿನ್ನೆಲೆಯ ವಿಷಯವನ್ನು ಯಾರೂ ಕೇಳದಂತೆ ಮಾಡುವುದೇ ಅಲ್ಲಿನ ಕೌಶಲ್ಯ. ದುಪ್ಪಟ್ಟು ಬಡ್ಡಿಯ ಆಸೆ ತೋರಿಸಿ ಹಳ್ಳಿಗೆ ಬರುವ ಠೇವಣಿ ಕಂಪನಿಗಳು ಮಾಡುವುದೂ ಇದನ್ನೇ. ಕಚೇರಿಯ ಗೋಡೆಗೆ ನೋಂದಣಿ ಪತ್ರ ತೂಗುಹಾಕಿರುತ್ತಾರೆ. ಪತ್ರ ಅಸಲಿಯೇ ಇರುತ್ತದೆ. ಕಂಪನಿ ನೋಂದಣಿಯಾಗಿದೆ ಎಂದು ಅದು ಹೇಳುತ್ತದೆಯೇ ಹೊರತು ನಿಮ್ಮ ಹಣ ಭದ್ರ ಎಂದು ಹೇಳುವುದಿಲ್ಲ. ಏಜೆಂಟನು ನಮ್ಮ ಮನೆಮಾತಿನಲ್ಲಿ ಅಣ್ಣ, ಅಕ್ಕ ಎಂದು ಸವಿಯಾಗಿ ವಿವರಿಸುತ್ತಾನೆ. ಸಹಿ ಬೀಳುವ ಕಾಗದ ಮಾತ್ರ ಬೇರೆ ಭಾಷೆಯಲ್ಲಿರುತ್ತದೆ. ಮಾತು ಒಂದು ಮಟ್ಟ, ಕಾಗದ ಇನ್ನೊಂದು ಮಟ್ಟ. ಮಗಳ ಮದುವೆಗೆಂದು ಕೂಡಿಟ್ಟ ಗಂಟು ಈ ಎರಡರ ನಡುವಿನ ಇಳಿಜಾರಿನಲ್ಲಿ ಉರುಳಿಹೋದದ್ದನ್ನು ಕೌಂಟರಿನ ಈಚೆಗೆ ಕುಳಿತು ಮೂವತ್ತು ವರ್ಷ ಕಂಡವನು ನಾನು.

ನಾವು ಎರಡು ಭಾಷೆ ಬಲ್ಲವರು. ಅದು ನಮ್ಮ ಕೈಯಲ್ಲಿರುವ ತೂಗುಗುಂಡು. ಆಡಿದ ಮಾತನ್ನೂ ಅಚ್ಚಾದ ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ ನೋಡಿ. ಓದಲು ಬಾರದ ಹಿರಿಯರಿದ್ದರೆ ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಆ ಕಾಗದವನ್ನು ಎರಡು ಸಲ ಓದಿಸಿ, ಆಮೇಲೆ ಸಹಿ ಮಾಡಿ. ಸಾಂಟಾ ಕ್ರೂಜ್‌ನ ಮನೆಯಲ್ಲಿ ಕಣ್ಣು ಮೋಸಹೋದರೆ ನಕ್ಕು ಹೊರಗೆ ಬರಬಹುದು. ಹೋಗುವುದು ಟಿಕೆಟ್ಟಿನ ದುಡ್ಡು ಮಾತ್ರ.