ಕಡಲಹೂವೂ ಅದರ ಮೀನೂ: ಮನೆಯ ಮತ್ಸ್ಯಾಗಾರದ ಇತಿಹಾಸದಲ್ಲಿ ಒಂದು ತೀರದ ಋಣ

ಉಷ್ಣವಲಯದ ಹವಳದ ದಿಬ್ಬಗಳಲ್ಲಿ ಒಂದು ಅಪೂರ್ವ ಸಹಜೀವನವುಂಟು. ಅನಿಮೋನ್ ಎಂಬ ಪ್ರಾಣಿಯು ನೋಡಲು ಹೂವಿನಂತಿರುವುದರಿಂದ ಅದನ್ನು ಕಡಲಹೂ ಎನ್ನಬಹುದು. ಎಸಳುಗಳಂತೆ ತೋರುವ ಅದರ ಕರಬಳ್ಳಿಗಳಲ್ಲಿ ವಿಷದ ಕುಟುಕುಕೋಶಗಳಿವೆ. ಇತರ ಸಣ್ಣ ಮೀನುಗಳಿಗೆ ಅಪಾಯಕರವಾದ ಆ ತಾಣದಲ್ಲಿಯೇ ಬಿಳಿಯ ಪಟ್ಟೆಗಳ ಕ್ಲೌನ್ ಮೀನು, ಎಂದರೆ ವಿದೂಷಕಮೀನು, ಮನೆಮಾಡಿಕೊಂಡಿರುತ್ತದೆ. ಈ ಜೋಡಿಯನ್ನು ಗಾಜಿನ ತೊಟ್ಟಿಯಲ್ಲಿ ಸಾಕುವುದನ್ನು ಕೇವಲ ವಿನೋದವೆಂದು ಎಣಿಸುವುದು ವಾಡಿಕೆ. ಆದರೆ ಅದರ ಇತಿಹಾಸವನ್ನು ಪರಿಶೀಲಿಸಿದರೆ ಮೀನಿನ ಸಮಸ್ಯೆಯು ಬಹುಮಟ್ಟಿಗೆ ಬಗೆಹರಿದಿದ್ದರೂ ಹೂವಿನ ಸಮಸ್ಯೆಯು ಹಾಗೆಯೇ ಉಳಿದಿರುವುದು ಕಂಡುಬರುತ್ತದೆ. ಇದರ ಕಾರಣವನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಮೊದಲಿಗೆ ತೊಟ್ಟಿಗೆ ಬಂದುದು ಮೀನಲ್ಲ, ಹೂವು. ಅದೂ ಶೀತಜಲದ ಹೂವು. ಸರ್ ಜಾನ್ ಡ್ಯಾಲಿಯಲ್ ಅವರು 1828ರಲ್ಲಿ ಸ್ಕಾಟ್ಲೆಂಡಿನ ಕರಾವಳಿಯಿಂದ ತಂದ ಒಂದು ಕಡಲಹೂವು ಕೈಯಿಂದ ಕೈಗೆ ಸಾಗುತ್ತ 1887ರವರೆಗೆ ಪಾತ್ರೆಯಲ್ಲಿಯೇ ಬದುಕಿತು. ಅದನ್ನು ಸಾಕಿದವರು ‘ಅಜ್ಜಿ’ ಎಂದು ಕರೆದರು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಅವರು ಸಸ್ಯ ಮತ್ತು ಪ್ರಾಣಿಗಳು ಒಂದೇ ನೀರಿನಲ್ಲಿ ಪರಸ್ಪರ ಪೋಷಕವಾಗಿ ಬಾಳಬಲ್ಲವೆಂದು ಪ್ರಕಟಿಸಿದರು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ಗ್ರಂಥವು ಪ್ರಕಟವಾಗಿ ಕಡಲಹೂವನ್ನು ಮನೆಮನೆಯ ಹವ್ಯಾಸವನ್ನಾಗಿ ಮಾಡಿತು. ಪರಿಣಾಮವೇನು? ಸಂಗ್ರಾಹಕರು ಇಂಗ್ಲೆಂಡಿನ ಬಂಡೆಗಳ ನಡುವಣ ಮಡುಗಳನ್ನು ಬರಿದುಮಾಡಿದರು. ಗಾಸ್ ಅವರ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಈ ನಾಶವನ್ನು ಕುರಿತು ಮರುಗಿದ್ದಾರೆ. ಪ್ರೀತಿಯೇ ಹಾನಿಗೆ ಕಾರಣವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಉಷ್ಣವಲಯದ ಜೋಡಿಯ ವಿಷಯ ಪಾಶ್ಚಾತ್ಯ ವಿದ್ವಾಂಸರಿಗೆ ತಿಳಿದುದು ತುಸು ತಡವಾಗಿ. ಚೀನಾ ಸಮುದ್ರದಲ್ಲಿ ಬೃಹತ್ ಕಡಲಹೂಗಳೊಳಗೆ ಮೀನುಗಳು ವಾಸಿಸುವುದನ್ನು ಕತ್‌ಬರ್ಟ್ ಕಾಲಿಂಗ್‌ವುಡ್ 1868ರಲ್ಲಿ ವರದಿಮಾಡಿದರು. ಆದರೆ ‘ಅಜ್ಜಿ’ಯ ದೀರ್ಘಾಯುಷ್ಯದಿಂದ ಈ ಹೂಗಳ ಪಾಲನೆಯೂ ಸುಲಭವೆಂದು ಊಹಿಸುವುದು ತಪ್ಪಾಗುತ್ತದೆ. ವಿದೂಷಕಮೀನಿಗೆ ಆಶ್ರಯ ಕೊಡುವ ಸುಮಾರು ಹತ್ತು ಜಾತಿಯ ಕಡಲಹೂಗಳ ಅಂಗಾಂಶಗಳಲ್ಲಿ ಸೂಕ್ಷ್ಮ ಪಾಚಿಗಳು ನೆಲಸಿ, ಬೆಳಕಿನಿಂದ ಆಹಾರವನ್ನು ತಯಾರಿಸಿಕೊಡುತ್ತವೆ. ಸ್ಕಾಟ್ಲೆಂಡಿನ ಹೂವಿಗೆ ಅಂತಹ ಪಾಚಿಯಿಲ್ಲ. ಆದುದರಿಂದ ಒಂದಕ್ಕೆ ಶುದ್ಧವಾದ ತಣ್ಣೀರು, ಕಾಲಕಾಲಕ್ಕೆ ತುಸು ಆಹಾರ ಇವೇ ಸಾಕಾದರೆ, ಇನ್ನೊಂದಕ್ಕೆ ಪ್ರಖರವಾದ ಬೆಳಕು, ಬೆಚ್ಚನೆಯ ನೀರು, ಸ್ಥಿರವಾದ ಲವಣಾಂಶ ಎಲ್ಲವೂ ಅವಶ್ಯ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ತೊಟ್ಟಿಯೇ ಪ್ರಯೋಗಶಾಲೆಯಾಯಿತು. 1958ರಲ್ಲಿ ಡ್ಯಾವನ್‌ಪೋರ್ಟ್ ಮತ್ತು ನಾರಿಸ್ ಅವರು ಮೀನಿನ ಮೈಯ ಲೋಳೆಯೇ ಅದಕ್ಕೆ ರಕ್ಷೆಯೆಂದು ವಾದಿಸಿದರು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಅವರು ಜೀವಿಗಳಿಂದ ತುಂಬಿದ ಸಮುದ್ರದ ಕಲ್ಲುಗಳಿಂದಲೇ ತೊಟ್ಟಿಯ ನೀರನ್ನು ಶುದ್ಧವಾಗಿಡುವ ಕ್ರಮವನ್ನು ಪ್ರಚುರಪಡಿಸಿದರು. 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಾರ್ಟಿನ್ ಮೋ ಅವರು ವಿದೂಷಕಮೀನಿನ ಮರಿಗಳನ್ನು ವ್ಯಾಪಾರಕ್ಕೆಂದು ಬೆಳೆಸಿದರು. ಮುಂದೆ ನಮ್ಮ ದೇಶದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಈ ಕಾರ್ಯದಲ್ಲಿ ಯಶಸ್ಸು ಪಡೆಯಿತು. ಸಾಕಿದ ಮೀನು ಹೂವಿಲ್ಲದೆಯೂ ಮಣ್ಣಿನ ಕುಂಡದ ಮೇಲೆ ಮೊಟ್ಟೆಯಿಡುತ್ತದೆ ಎಂಬುದು ಗಮನಾರ್ಹ. ಸಮುದ್ರದಲ್ಲಿ ಶತ್ರುಗಳಿಂದ ಪಾರಾಗಲು ಬೇಕಾದ ಆಶ್ರಯವು ಶತ್ರುಗಳಿಲ್ಲದ ತೊಟ್ಟಿಯಲ್ಲಿ ಅನಿವಾರ್ಯವಲ್ಲ.

ಹೂವಿನ ಸ್ಥಿತಿ ಬೇರೆ. ತುದಿಯಲ್ಲಿ ಗುಳ್ಳೆಯಂತೆ ಉಬ್ಬುವ ಕರಬಳ್ಳಿಗಳುಳ್ಳ ಒಂದು ಜಾತಿಯು ತೊಟ್ಟಿಯಲ್ಲಿ ತಾನಾಗಿಯೇ ಇಬ್ಭಾಗವಾಗಿ ವೃದ್ಧಿಸುತ್ತದೆ. ಮಿಕ್ಕ ಜಾತಿಗಳಲ್ಲಿ ಹೆಚ್ಚಿನವನ್ನು ಈಗಲೂ ಸಮುದ್ರದಿಂದಲೇ ಕಿತ್ತುತರುತ್ತಾರೆ. ಒಂದು ಹೂವನ್ನು ಕಿತ್ತರೆ ಅದನ್ನಾಶ್ರಯಿಸಿದ ಮೀನಿನ ಸಂಸಾರವೇ ನೆಲೆ ತಪ್ಪುತ್ತದೆ.

ಆದಕಾರಣ ನಮ್ಮ ಅಭಿಪ್ರಾಯವಿಷ್ಟೆ: ತೊಟ್ಟಿಯಲ್ಲಿ ಮೀನಿಗೆ ಹೂವು ಬೇಕೇಬೇಕೆಂಬುದಿಲ್ಲ, ಅವೆರಡನ್ನೂ ಒಟ್ಟಿಗೆ ನೋಡಬೇಕೆಂಬ ಆಸೆ ನಮ್ಮದು. ಆ ಆಸೆಯನ್ನು ತೀರಿಸಿಕೊಳ್ಳುವವರು ತೊಟ್ಟಿಯಲ್ಲಿಯೇ ವೃದ್ಧಿಯಾದ ಹೂವನ್ನು ಆರಿಸಿಕೊಂಡು, ‘ಅಜ್ಜಿ’ಯನ್ನು ಸಾಕಿದವರಂತೆ ತಮ್ಮ ಕಾಲದಾಚೆಗೂ ಅದರ ಪೋಷಣೆಯನ್ನು ಯೋಚಿಸಬೇಕು. ಇಂಗ್ಲೆಂಡಿನ ಮಡುಗಳು ಕಲಿಸಿದ ಪಾಠವನ್ನು ಹವಳದ ದಿಬ್ಬಗಳಿಂದ ಮತ್ತೊಮ್ಮೆ ಕಲಿಯುವ ಅಗತ್ಯವಿಲ್ಲ.